ಹೊಸ ಸ್ಕ್ಯಾನರ್‌ಗೂ ಬೇಕು ತೂಕದ ಪರೀಕ್ಷೆ

ಅಂಗಡಿಗೆ ಹೊಸ ತಕ್ಕಡಿ ಬಂದಾಗ ನಾವು ಮೊದಲು ಏನು ಮಾಡುತ್ತೇವೆ? ಸರಕಾರಿ ಮುದ್ರೆಯಿರುವ ಒಂದು ಕಿಲೋ ಬಟ್ಟನ್ನು ಇಟ್ಟು ನೋಡುತ್ತೇವೆ. ತಕ್ಕಡಿ ಎಷ್ಟೇ ಹೊಳೆಯುತ್ತಿರಲಿ, ಆ ಪರೀಕ್ಷೆಯಾಗದೆ ಗಿರಾಕಿಗೆ ಸಾಮಾನು ತೂಗುವುದಿಲ್ಲ. ‘ಡಿಜಿಟಲ್ ಪೆಟ್ ಸ್ಕ್ಯಾನ್’ ಎಂಬ ಹೊಸ ಹೆಸರು ಕಿವಿಗೆ ಬಿದ್ದಾಗಲೂ ಇದೇ ವಿವೇಕ ಬೇಕು.

ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಮನೆಗಳಲ್ಲಿ ಹಿರಿಯರಿಗೆ ದೊಡ್ಡ ಕಾಯಿಲೆ ಎಂದರೆ ರಾತ್ರಿಯ ಗಾಡಿ ಹಿಡಿದು ಮುಂಬಯಿಗೆ ಹೊರಡುವುದು ಹಳೆಯ ರೂಢಿ. ಭಾರತದ ಮೊದಲ ಪೆಟ್ ಸ್ಕ್ಯಾನರ್ 2002ರಲ್ಲಿ ಕೆಲಸ ಆರಂಭಿಸಿದ್ದೂ ಅಲ್ಲಿನ ಪರೇಲ್‌ನ ರೇಡಿಯೇಶನ್ ಮೆಡಿಸಿನ್ ಸೆಂಟರಿನಲ್ಲಿಯೇ.

ಈ ಪರೀಕ್ಷೆಯಲ್ಲಿ ಸಕ್ಕರೆಯಂಥ, ಅಲ್ಪ ವಿಕಿರಣ ಸೂಸುವ ಎಫ್.ಡಿ.ಜಿ. ಎಂಬ ಔಷಧವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಅನೇಕ ಬಗೆಯ ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುವುದರಿಂದ ಅಲ್ಲಿ ಔಷಧ ಕೂಡಿಕೊಳ್ಳುತ್ತದೆ. ಅಲ್ಲಿಂದ ಹೊರಡುವ ಕಿರಣಗಳು ಯಂತ್ರದ ಹರಳುಗಳಿಗೆ ತಾಗಿ ಬೆಳಕಾಗುತ್ತವೆ. ಹಳೆಯ ಯಂತ್ರಗಳಲ್ಲಿ ಈ ಬೆಳಕನ್ನು ಗಾಜಿನ ನಿರ್ವಾತ ಕೊಳವೆಗಳು ಹಿಡಿಯುತ್ತಿದ್ದವು. ಹೊಸದರಲ್ಲಿ ಆ ಕೆಲಸ ಚಿಕ್ಕ ಸಿಲಿಕಾನ್ ಚಿಪ್ಪುಗಳದು. ಫಿಲಿಪ್ಸ್ ಕಂಪನಿ 2013ರಲ್ಲಿ ಇಂಥ ‘ವೆರಿಯೋಸ್’ ಯಂತ್ರವನ್ನು ಹೊರತಂದಿತು. ಚಿಪ್ಪುಗಳು ಕಿರಣ ಬಂದ ಕ್ಷಣವನ್ನು ಹೆಚ್ಚು ನಿಖರವಾಗಿ ಗುರುತಿಸುವುದರಿಂದ ಚಿತ್ರ ಸ್ಪಷ್ಟವಾಗುತ್ತದೆ.

ಹಾಗಾದರೆ ಯಂತ್ರವನ್ನು ತೂಗುವ ಬಟ್ಟು ಯಾವುದು? ಮನುಷ್ಯನ ಎದೆ-ಹೊಟ್ಟೆಯ ಗಾತ್ರದ ಪ್ಲಾಸ್ಟಿಕ್ ಡಬ್ಬಿ ಒಂದಿದೆ. ಅದರೊಳಗೆ 10 ಮಿಲಿಮೀಟರಿನಿಂದ 37 ಮಿಲಿಮೀಟರಿನವರೆಗಿನ ಆರು ಗೋಲಿಗಳಿರುತ್ತವೆ. ಅವುಗಳಲ್ಲಿ ಅಳೆದು ಔಷಧ ತುಂಬಿ ಸ್ಕ್ಯಾನ್ ಮಾಡುತ್ತಾರೆ. ತುಂಬಿದ್ದು ಎಷ್ಟು, ಯಂತ್ರ ತೋರಿಸಿದ್ದು ಎಷ್ಟು ಎಂದು ತಾಳೆ ನೋಡುತ್ತಾರೆ. ಅತಿ ಚಿಕ್ಕ ಗೋಲಿಯಲ್ಲಿಯೇ ಒಳ್ಳೆಯ ಯಂತ್ರದ ಗುಣ ತಿಳಿಯುವುದು.

ಆಮೇಲೆ ಒಂದೇ ಚುಚ್ಚುಮದ್ದಿನಲ್ಲಿ ಒಬ್ಬನೇ ರೋಗಿಯನ್ನು ಎರಡೂ ಯಂತ್ರಗಳಲ್ಲಿ ನೋಡುವುದುಂಟು. ಇಲ್ಲಿ ಎಚ್ಚರ ಬೇಕು. ಎರಡನೆಯ ಸ್ಕ್ಯಾನಿನ ಹೊತ್ತಿಗೆ ಔಷಧ ಗಂಟಿನಲ್ಲಿ ಇನ್ನಷ್ಟು ಸೇರಿರುತ್ತದೆ. ಹೊಸ ಯಂತ್ರವನ್ನು ಯಾವಾಗಲೂ ಎರಡನೆಯದಾಗಿ ಇಟ್ಟರೆ ಅದಕ್ಕೆ ಪುಕ್ಕಟೆ ಲಾಭ! ಆದ್ದರಿಂದ ಅರ್ಧ ಜನರಿಗೆ ಹೊಸದು ಮೊದಲು, ಉಳಿದವರಿಗೆ ಹಳೆಯದು ಮೊದಲು ಎಂಬ ಕ್ರಮ ನ್ಯಾಯವಾದದ್ದು.

ಹೊಸ ಯಂತ್ರದ ಲಾಭ ನಿಜವಾದದ್ದೇ. ಔಷಧ ಕಡಿಮೆ ಮಾಡಬಹುದು, ಇಲ್ಲವೆ ಮಲಗುವ ಸಮಯ ಕಡಿಮೆ ಮಾಡಬಹುದು. ಆದರೆ ಒಂದೇ ರೂಪಾಯಿಯನ್ನು ಎರಡು ಅಂಗಡಿಯಲ್ಲಿ ಪೂರ್ತಿ ಖರ್ಚು ಮಾಡಲಾಗದು. ನಮ್ಮಂಥ ದೂರದ ಊರಿಗೆ ಔಷಧದ ಉಳಿತಾಯ ದೊಡ್ಡದು. ಈ ಔಷಧದ ವಿಕಿರಣ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧವಾಗುತ್ತದೆ. ಏಳೂವರೆ ಗಂಟೆಯ ದಾರಿ ಸವೆಸಿದರೆ ಹದಿನಾರರಲ್ಲಿ ಒಂದು ಪಾಲು ಉಳಿದೀತು.

ಈಗ ಮನೆಯವರು ಅವಶ್ಯ ತಿಳಿಯಬೇಕಾದ ಮಾತು. ಅಕ್ಕಲಕೋಟೆಯ ಒಬ್ಬ ತಾಯಿಗೆ ಹೋದ ವರ್ಷ ಹಳೆಯ ಯಂತ್ರದಲ್ಲಿ ಸ್ಕ್ಯಾನ್ ಆಗಿತ್ತು, ಈ ವರ್ಷ ಡಿಜಿಟಲ್‌ನಲ್ಲಿ ಆಯಿತು ಎಂದುಕೊಳ್ಳಿ. ವರದಿಯ ಎಸ್.ಯು.ವಿ. ಅಂಕಿ ಏರಿದೆ. “ಕಾಕಾ, ರೋಗ ಬೆಳೆದುಬಿಟ್ಟಿತೇ?” ಎಂದು ಮಗ ಗಾಬರಿಯಾಗುತ್ತಾನೆ. ಬೆಳೆದಿರಲೂಬಹುದು, ಇಲ್ಲದಿರಲೂಬಹುದು. ಹೊಸ ಯಂತ್ರ ಚಿಕ್ಕ ಗಂಟುಗಳಿಗೆ ಹೆಚ್ಚಿನ ಅಂಕಿ ಕೊಡುವುದು ಸಾಮಾನ್ಯ. ತಕ್ಕಡಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಹಾಗೆಂದು ಏರಿದ ಅಂಕಿಯನ್ನು ಕಡೆಗಣಿಸಲೂಬಾರದು. ತೀರ್ಪು ವೈದ್ಯರದು.

ಆದಕಾರಣ ಸಾಧ್ಯವಾದಷ್ಟು ಮರುಪರೀಕ್ಷೆ ಅದೇ ಯಂತ್ರದಲ್ಲಿ ಆಗಲಿ. ಬೇರೆ ಕಡೆ ಹೋಗಬೇಕಾದರೆ ಹಿಂದಿನ ವರದಿ, ಸಿ.ಡಿ. ಎರಡನ್ನೂ ಒಯ್ಯಿರಿ. “ಯಂತ್ರ ಬದಲಾಗಿದೆ, ಅದನ್ನು ಗಮನಿಸಿ ಹೋಲಿಸಿರಿ” ಎಂದು ವೈದ್ಯರಿಗೆ ನೀವಾಗಿ ಹೇಳಿರಿ. ಸ್ಕ್ಯಾನಿಗೆ ಮುಂಚೆ ಕೆಲವು ಗಂಟೆ ಉಪವಾಸವಿರಬೇಕು, ಆದರೆ ನೀರು ಕುಡಿಯಲು ಹೇಳುತ್ತಾರೆ. ನೀರನ್ನೂ ಬಿಟ್ಟು ಉಪವಾಸ ಮಾಡುವ ಹಿರಿಯರು, ಸಕ್ಕರೆ ಕಾಯಿಲೆಯವರು ತಮ್ಮ ನಿಯಮವನ್ನು, ಗುಳಿಗೆಗಳನ್ನು ಮೊದಲೇ ತಿಳಿಸಿ ದಿನ ಗೊತ್ತುಮಾಡಿಕೊಳ್ಳಲಿ.

ಹಳೆಯ ಖಾತೆಪುಸ್ತಕವನ್ನು ಜೋಪಾನ ಮಾಡುವ ನಾವು ತಾಯಿಯ ಹಳೆಯ ವರದಿಯನ್ನೂ ಅಷ್ಟೇ ಜೋಪಾನವಾಗಿ ಇಡೋಣ.