‘ನಮ್ ಕಡೆ ನೀರೇ ಸಾಕು’ ಎಂಬ ದುಬಾರಿ ನಂಬಿಕೆ

ಚನ್ನರಾಯಪಟ್ಟಣದ ಹೆದ್ದಾರಿ ಬದಿಯ ಗ್ಯಾರೇಜಿನಿಂದ ಅರಕಲಗೂಡಿನ ಪೇಟೆಯವರೆಗೆ ಎಲ್ಲೇ ಆಗಲಿ, ಬಾನೆಟ್ ಎತ್ತಿ ನಿಲ್ಲಿಸಿದ ಕಾರಿನ ಸುತ್ತ ನಾಲ್ಕು ಜನ ಸೇರಿದರೆ ಒಬ್ಬರಾದರೂ ಹೇಳುವ ಮಾತು ಇದು: ‘ಕೂಲೆಂಟೆಲ್ಲ ಮಂಜು ಬೀಳೋ ದೇಶದೋರಿಗೆ ಕಣಣ್ಣ. ನಮ್ ಕಡೆ ನೀರೇ ಸಾಕು.’ ಹೇಳುವವರ ದನಿಯಲ್ಲಿ ಎಳ್ಳಷ್ಟೂ ಅನುಮಾನವಿರುವುದಿಲ್ಲ. ಕೇಳುವವರೂ ಹೂಂಗುಡುತ್ತಾರೆ. ಪಕ್ಕದ ಹೋಟೆಲಿನಿಂದ ಒಂದು ಬಿಂದಿಗೆ ಬೋರ್‌ವೆಲ್ ನೀರು ಬಂದು ರೇಡಿಯೇಟರಿಗೆ ಇಳಿಯುತ್ತದೆ, ಕಾರು ಹೊರಡುತ್ತದೆ. ಒಂದೆರಡು ವರ್ಷದ ಮೇಲೆ ಅದೇ ಕಾರು ಶಿರಾಡಿ ಘಾಟಿಯಲ್ಲಿ ಹಬೆ ಉಗುಳುತ್ತಾ ನಿಂತಾಗ ಆ ಬಿಂದಿಗೆಯ ನೆನಪು ಯಾರಿಗೂ ಆಗುವುದಿಲ್ಲ. ‘ಈ ಕಂಪನಿ ಗಾಡಿನೇ ಸರಿಯಿಲ್ಲ’ ಎಂದು ತೀರ್ಮಾನವಾಗುತ್ತದೆ.

ಎಂಜಿನ್ ಹೀಟ್ ಆಗುವ ವಿಚಾರದಲ್ಲಿ ಹಾಸನ ಸೀಮೆಯಲ್ಲಿ ತಪ್ಪು ತಿಳಿವಳಿಕೆಗಳಿಗೆ ಬರವಿಲ್ಲ. ಆದರೆ ಇಷ್ಟು ಹಟದಿಂದ ಉಳಿದುಕೊಂಡಿರುವುದು, ಇಷ್ಟು ಸದ್ದಿಲ್ಲದೆ ಎಂಜಿನ್ನನ್ನು ಒಳಗಿನಿಂದ ತಿನ್ನುವುದು ಇದೊಂದೇ.

ಈ ನಂಬಿಕೆ ಎಲ್ಲಿಂದ ಬಂತು ಎಂಬುದು ಗೊತ್ತಿರುವ ಸಂಗತಿ. ಅಂಬಾಸಿಡರ್, ಜೀಪು, ಹಳೆಯ ಲಾರಿಗಳ ಕಾಲದಲ್ಲಿ ಎಂಜಿನ್ ಹೆಚ್ಚುಕಡಿಮೆ ಪೂರ್ತಿ ಎರಕದ ಕಬ್ಬಿಣದ್ದು, ರೇಡಿಯೇಟರ್ ತಾಮ್ರ ಹಿತ್ತಾಳೆಯದು. ಡ್ರೈವರುಗಳು ಬೆಳಿಗ್ಗೆ ಮುಚ್ಚಳ ತೆಗೆದು ನೀರು ತುಂಬುತ್ತಿದ್ದರು, ದಾರಿಯಲ್ಲಿ ಮತ್ತೆ ತುಂಬುತ್ತಿದ್ದರು. ಒಳಗೆ ತುಕ್ಕು ಹಿಡಿಯುತ್ತಿತ್ತು. ದಪ್ಪ ಕಬ್ಬಿಣ ಅದನ್ನು ತಡೆದುಕೊಳ್ಳುತ್ತಿತ್ತು. ರೇಡಿಯೇಟರ್ ಸೋರಿದರೆ ಬೆಸುಗೆ ಹಾಕಿಸಿದರೆ ಮುಗಿಯಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಅದರ ಜೊತೆ ನಿಲ್ಲಬೇಕಿದ್ದ ಅಭ್ಯಾಸ ನಿಲ್ಲಲಿಲ್ಲ. ಇಂದಿನ ಕಾರುಗಳ ಹೆಡ್ ಅಲ್ಯೂಮಿನಿಯಂನದು, ಅನೇಕ ಕಾರುಗಳಲ್ಲಿ ಬ್ಲಾಕ್ ಕೂಡ ಅದರದೇ. ರೇಡಿಯೇಟರ್ ಎಂದರೆ ತೆಳು ಅಲ್ಯೂಮಿನಿಯಂ ಕೊಳವೆಗಳು, ಎರಡು ಬದಿಗೆ ಪ್ಲಾಸ್ಟಿಕ್ ಟ್ಯಾಂಕು. ಅಜ್ಜನ ಜೀಪಿಗೆ ಹೊಂದಿದ ಬುದ್ಧಿವಾದ ಮೊಮ್ಮಗನ ಕಾರಿಗೆ ಹೊಂದುವುದಿಲ್ಲ.

ಮೊದಲು ಕುದಿಯುವ ಲೆಕ್ಕ ನೋಡಬೇಕು. ಹಾಸನ ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಎತ್ತರದಲ್ಲಿದೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಇಲ್ಲಿ 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಕಾರಿನ ಎಂಜಿನ್ ಆರಾಮವಾಗಿ ಓಡುವ ಉಷ್ಣತೆಯೇ 90 ಡಿಗ್ರಿಯ ಆಚೀಚೆ. ಘಟ್ಟ ಏರುವಾಗ 100 ದಾಟುವುದು ಅಪರೂಪವಲ್ಲ. ಹಾಗಿದ್ದೂ ಒಳಗಿನ ನೀರು ಕುದಿಯದಿರುವುದಕ್ಕೆ ಕಾರಣ ರೇಡಿಯೇಟರಿನ ಮುಚ್ಚಳ. ಅದರ ಸ್ಪ್ರಿಂಗ್ ಒಳಗೆ ಸಾಮಾನ್ಯವಾಗಿ 0.9ರಿಂದ 1.1 ಬಾರ್‌ನಷ್ಟು ಒತ್ತಡವನ್ನು ಹಿಡಿದಿಡುತ್ತದೆ. ಮುಚ್ಚಳದ ರಬ್ಬರ್ ಹಳತಾಗಿ ಆ ಒತ್ತಡ ಬಿಟ್ಟುಹೋದರೆ ಬರೀ ನೀರು ತುಂಬಿದ ಕಾರು ಹಾಸನದಲ್ಲಿ ಕುದಿಯುವ ಅಂಚಿನಲ್ಲೇ ಓಡುತ್ತಿರುತ್ತದೆ. ನೀರಿಗೆ ಸಮಪಾಲು ಎಥಿಲೀನ್ ಗ್ಲೈಕಾಲ್ (ಕೂಲೆಂಟಿನ ಮುಖ್ಯ ಅಂಶ ಇದೇ) ಬೆರೆತಿದ್ದರೆ ಮುಚ್ಚಳದ ನೆರವಿಲ್ಲದೆಯೂ ಇಲ್ಲಿ ಅದು ಕುದಿಯುವುದು 104ರ ಹತ್ತಿರ. ಒಳ್ಳೆಯ ಮುಚ್ಚಳವಿದ್ದರೆ 125ರ ಸುಮಾರಿಗೆ. ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದ ಅದರ ಗುಣ ಹಾಸನಕ್ಕೆ ಬೇಡ, ನಿಜ. ಬೇಗ ಕುದಿಯದ ಗುಣ ಮಾತ್ರ ಮಂಜಿನ ದೇಶಕ್ಕಿಂತ ಹೆಚ್ಚಾಗಿ ನಮಗೇ ಬೇಕು.

ಮೀಟರಿನ ಮುಳ್ಳು ತೋರಿಸುವುದು ಒಂದು ಜಾಗದ ಶಾಖವನ್ನಷ್ಟೇ. ಎಕ್ಸಾಸ್ಟ್ ವಾಲ್ವಿನ ಪಕ್ಕದ ಲೋಹ ಅದಕ್ಕಿಂತ ಎಷ್ಟೋ ಬಿಸಿ. ಅಲ್ಲಿ ನೀರು ಹಬೆಯಾಗಿ ಪದರ ಕಟ್ಟಿದರೆ ಶಾಖ ಮುಂದೆ ಸಾಗುವುದಿಲ್ಲ, ಹೆಡ್ ಬೆಂಡ್ ಆಗುತ್ತದೆ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವುದು ಎರಕದ ಕಬ್ಬಿಣದ ಎರಡು ಪಟ್ಟು. ಎರಡರ ನಡುವೆ ಸಿಕ್ಕ ಗ್ಯಾಸ್ಕೆಟ್ ಹೋಗುತ್ತದೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆತಂತೆ ಕಾಣುವ ಹೊತ್ತಿಗೆ, ಕೆಲವು ನೂರು ರೂಪಾಯಿ ಉಳಿಸಿದ ಲೆಕ್ಕ ಹತ್ತಾರು ಸಾವಿರಕ್ಕೆ ಬಂದು ನಿಂತಿರುತ್ತದೆ.

ಕುದಿಯುವ ಮಾತು ಅರ್ಧ ಮಾತ್ರ. ಕೂಲೆಂಟಿನ ಇನ್ನೊಂದು ಕೆಲಸ, ಬಹುಶಃ ದೊಡ್ಡ ಕೆಲಸ, ಲೋಹವನ್ನು ಕಾಯುವುದು. ಎಂಜಿನ್ನಿನ ಒಳಗೆ ಕಬ್ಬಿಣ, ಅಲ್ಯೂಮಿನಿಯಂ, ಕೆಲವೆಡೆ ತಾಮ್ರ, ಸೀಸದ ಬೆಸುಗೆ ಎಲ್ಲವೂ ಒಂದೇ ನೀರಿನಲ್ಲಿ ಮುಳುಗಿರುತ್ತವೆ. ಉಪ್ಪಿನಂಶದ ನೀರಿನಲ್ಲಿ ಎರಡು ಬಗೆಯ ಲೋಹ ಇಟ್ಟರೆ ಅದೇ ಒಂದು ಬ್ಯಾಟರಿ; ದುರ್ಬಲವಾದ ಲೋಹ ಕರಗುತ್ತಾ ಹೋಗುತ್ತದೆ. ನೀರಿನಲ್ಲಿರುವ ಕ್ಲೋರೈಡ್ ತೆಳು ಅಲ್ಯೂಮಿನಿಯಂ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ. ಕೂಲೆಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುವುದು ಇದಕ್ಕೇ. ಅವು ಕಾಲಕ್ರಮೇಣ ಖರ್ಚಾಗುತ್ತವೆ, ಗ್ಲೈಕಾಲ್ ಕೂಡ ನಿಧಾನವಾಗಿ ಆಮ್ಲಕ್ಕೆ ತಿರುಗುತ್ತದೆ. ಆದ್ದರಿಂದಲೇ ‘ಒಂದ್ಸಲ ಹಾಕಿದ್ರೆ ಗಾಡಿ ಇರೋವರ್ಗೂ ಬರ್ತದೆ’ ಎಂಬುದೂ ಸುಳ್ಳು. ಎಷ್ಟು ವರ್ಷಕ್ಕೆ, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿದೆ.

ಇನ್ನು ಬೋರ್‌ವೆಲ್ ನೀರು. ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ ನೀರು ಗಡಸು ಎಂದು ಅಲ್ಲಿನ ಮನೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ನಾನದ ಹಂಡೆಯ ತಳದಲ್ಲಿ, ಗೀಸರಿನ ಕಾಯಿಲಿನ ಮೇಲೆ ಬಿಳಿ ಉಪ್ಪು ಕಟ್ಟುವುದನ್ನು ದಿನಾ ನೋಡುತ್ತಾರೆ. ಅದೇ ಕ್ಯಾಲ್ಸಿಯಂ ಕಾರ್ಬೊನೇಟ್ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಹೆಡ್ಡಿನ ಸಂದುಗಳಲ್ಲೂ ಕಟ್ಟುತ್ತದೆ. ಅಲ್ಯೂಮಿನಿಯಂ ಸಾಗಿಸುವ ಶಾಖದಲ್ಲಿ ಹೆಚ್ಚುಕಡಿಮೆ ನೂರರಲ್ಲೊಂದು ಪಾಲನ್ನಷ್ಟೇ ಈ ಸುಣ್ಣದ ಪದರ ಸಾಗಿಸುತ್ತದೆ. ಬೋರ್‌ವೆಲ್ ನೀರು ಕುಡಿಯಲಾಗದು ಎಂದು ಊರ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ಹೊರುವವರು, ಲಕ್ಷಗಟ್ಟಲೆ ಕೊಟ್ಟು ಕೊಂಡ ಎಂಜಿನ್ನಿಗೆ ಅದೇ ಬೋರ್‌ವೆಲ್ ನೀರು ಸುರಿಯುತ್ತಾರೆ. ಹೊಳೆನರಸೀಪುರದ ಹೇಮಾವತಿ ನೀರು, ರಾಮನಾಥಪುರದ ಕಾವೇರಿ ನೀರು ಮೆದು, ಅದನ್ನು ಹಾಕಬಹುದು ಎನ್ನುವವರೂ ಇದ್ದಾರೆ. ಹೊಳೆ ನೀರಿನಲ್ಲಿ ಮಣ್ಣಿದೆ. ತುಕ್ಕು ತಡೆಯುವ ಅಂಶ ಯಾವ ಹೊಳೆಯಲ್ಲೂ ಹರಿಯುವುದಿಲ್ಲ. ಶುದ್ಧ ಘಟಕದ ನೀರಿಗೂ ಇದೇ ಮಾತು. ಬೆರೆಸಲು ಬೇಕಾದ್ದು ಡಿಸ್ಟಿಲ್ಡ್ ವಾಟರ್. ಅಷ್ಟೂ ರಗಳೆ ಬೇಡವೆಂದರೆ ಬೆರೆಸಿಯೇ ಮಾರುವ ಕೂಲೆಂಟ್ ಸಿಗುತ್ತದೆ.

ಟ್ರ್ಯಾಕ್ಟರ್ ಇಟ್ಟುಕೊಂಡವರು ‘ಇದು ಕಾರಿನ ವಿಷಯ’ ಎಂದು ಪುಟ ತಿರುಗಿಸಬಾರದು. ಡೀಸೆಲ್ ಎಂಜಿನ್ನಿನ ಲೈನರ್ ಪ್ರತಿ ಹೊಡೆತಕ್ಕೂ ನಡುಗುತ್ತದೆ. ಆ ನಡುಕಕ್ಕೆ ಸುತ್ತಲಿನ ನೀರಿನಲ್ಲಿ ಸಣ್ಣ ಹಬೆಯ ಗುಳ್ಳೆಗಳೆದ್ದು ಲೈನರಿನ ಮೇಲೆಯೇ ಒಡೆಯುತ್ತವೆ. ವರ್ಷಗಟ್ಟಲೆ ಹೀಗಾದರೆ ಲೈನರ್ ತೂತು ಬೀಳುತ್ತದೆ. ಸರಿಯಾದ ಕೂಲೆಂಟ್ ಲೋಹದ ಮೇಲೆ ಕಾಪಿನ ಪದರ ಹಿಡಿದು ಇದನ್ನು ತಡೆಯುತ್ತದೆ, ಬರೀ ನೀರಿಗೆ ಆ ಶಕ್ತಿಯಿಲ್ಲ. ಆಲೂಗೆಡ್ಡೆ, ತೆಂಗಿನಕಾಯಿ, ಹೊಗೆಸೊಪ್ಪು ಹೊರುವ ಪಿಕಪ್ಪಿಗೂ ಇದು ಅನ್ವಯ.

ಕೆಲವರು ಇನ್ನೊಂದು ತುದಿಗೆ ಹೋಗಿ, ನೀರು ಬೆರೆಸದೆ ಗಟ್ಟಿ ಕೂಲೆಂಟನ್ನೇ ಪೂರ್ತಿ ತುಂಬುತ್ತಾರೆ. ಶಾಖ ಹೊರುವುದರಲ್ಲಿ ನೀರಿಗೆ ಸಾಟಿಯಿಲ್ಲ, ಗ್ಲೈಕಾಲ್ ಹೊರುವುದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಎರಡೂ ಬೇಕು, ಅಳತೆಯಲ್ಲಿ ಬೇಕು.

ಹಾಗಾದರೆ ಘಟ್ಟದ ನಡುವೆ ಹೋಸ್ ಪೈಪ್ ಒಡೆದು ಕೂಲೆಂಟ್ ಖಾಲಿಯಾದರೆ ನೀರು ಹಾಕಬಾರದೇ? ಎಂಜಿನ್ ಪೂರ್ತಿ ತಣಿದ ಮೇಲೆ, ಸಿಕ್ಕಿದ ಶುದ್ಧ ನೀರು ಹಾಕಿಕೊಂಡು ಗ್ಯಾರೇಜ್ ಸೇರಬೇಕು. ಅದು ಆಪತ್ತಿನ ದಾರಿ. ಗ್ಯಾರೇಜ್ ತಲುಪಿದ ಮೇಲೆ ಒಡೆದದ್ದನ್ನು ಸರಿಮಾಡಿ, ಒಳಗೆ ತೊಳೆಸಿ, ಮತ್ತೆ ಕೂಲೆಂಟ್ ತುಂಬಿಸುವುದು ಕಡ್ಡಾಯ. ಜನ ತಪ್ಪುವುದು ಇಲ್ಲೇ: ಆಪತ್ತಿಗೆ ಹಾಕಿದ ನೀರು ಎರಡು ವರ್ಷ ಒಳಗೇ ಉಳಿಯುತ್ತದೆ. ‘ವಾರಕ್ಕೊಮ್ಮೆ ಒಂದು ಲೋಟ ನೀರು ಹಾಕ್ತೀನಿ, ಚೆನ್ನಾಗಿ ನೋಡ್ಕೊಂಡಿದೀನಿ’ ಎನ್ನುವವರು ಅರ್ಥಮಾಡಿಕೊಳ್ಳಬೇಕಾದ್ದು, ಇದು ಮುಚ್ಚಿದ ವ್ಯವಸ್ಥೆ ಎಂಬುದು. ಪದೇ ಪದೇ ಕಡಿಮೆಯಾಗುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಎಂಜಿನ್ ಕುಡಿಯುತ್ತಿದೆ.

ಕೈ ಸುಟ್ಟುಕೊಳ್ಳುವ ನಂಬಿಕೆಯೂ ಒಂದಿದೆ. ಹಬೆ ಬಂದ ತಕ್ಷಣ ‘ಮುಚ್ಚಳ ತೆಗೆದು ಗಾಳಿ ಬಿಡಬೇಕು’ ಎನ್ನುತ್ತಾರೆ. ಒಳಗಿರುವುದು ಒತ್ತಡದಲ್ಲಿ ಹಿಡಿದಿಟ್ಟ, 100 ಡಿಗ್ರಿಗಿಂತ ಬಿಸಿಯಾದ ದ್ರವ. ಮುಚ್ಚಳ ಸಡಿಲಿಸಿದ ಕ್ಷಣ ಅದು ಒಟ್ಟಿಗೇ ಕುದಿದು ಮುಖಕ್ಕೆ, ಕೈಗೆ ಚಿಮ್ಮುತ್ತದೆ. ಬಟ್ಟೆ ಹಾಕಿ ತಿರುಗಿಸಿದರೂ ಅಷ್ಟೆ. ಕನಿಷ್ಠ ಅರ್ಧ ಗಂಟೆ, ಮುಟ್ಟಿದರೆ ಮೇಲಿನ ಹೋಸ್ ಪೈಪ್ ತಣ್ಣಗೆ ಮೆತ್ತಗೆ ಆಗುವವರೆಗೆ ಕಾಯಲೇಬೇಕು. ಸುಟ್ಟರೆ ಪೇಸ್ಟ್, ಅರಿಶಿನ, ಇಂಕು ಯಾವುದೂ ಬೇಡ. 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿದು ಆಸ್ಪತ್ರೆಗೆ ಹೋಗಬೇಕು. ಕಾದ ಎಂಜಿನ್ನಿನ ಮೇಲೆ ತಣ್ಣೀರು ಎರಚಿದರೆ ಬೇಗ ತಣಿಯುತ್ತದೆ ಎಂಬುದೂ ತಪ್ಪು: ಹೆಡ್ ಸೀಳಬಹುದು.

‘ನಮ್ಮ ಸೆಕೆಗೆ ಥರ್ಮೋಸ್ಟಾಟ್ ವಾಲ್ವ್ ಬೇಡ, ಕಿತ್ತು ಬಿಸಾಕಿ’ ಎಂಬ ಸಲಹೆಯಂತೆ ನಡೆದರೆ, ಹಾಸನದ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಎಂಜಿನ್ ಬಿಸಿಯೇರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಬಿಸಿ ನೀರು ರೇಡಿಯೇಟರನ್ನೇ ತಪ್ಪಿಸಿ ತಿರುಗಿ ಇನ್ನಷ್ಟು ಹೀಟ್ ಆಗುತ್ತದೆ. ಹಸಿರು ಕೂಲೆಂಟ್ ಒಳ್ಳೆಯದು, ಗುಲಾಬಿ ಸಾಲದು ಎನ್ನುವುದಕ್ಕೆ ಆಧಾರವಿಲ್ಲ. ಬಣ್ಣ ಬರೀ ಬಣ್ಣ, ನೋಡಬೇಕಾದ್ದು ಕಾರಿನ ಪುಸ್ತಕ ಹೇಳುವ ದರ್ಜೆಯನ್ನು. ಮುಳ್ಳು ಮಧ್ಯದಲ್ಲಿದೆ, ಆದ್ದರಿಂದ ಅಪಾಯವಿಲ್ಲ ಎನ್ನುವಂತಿಲ್ಲ; ಕೂಲೆಂಟ್ ಪೂರ್ತಿ ಸೋರಿಹೋದರೆ ಸೆನ್ಸರ್ ಗಾಳಿಯಲ್ಲಿ ನಿಂತು ಸುಳ್ಳು ಹೇಳಬಹುದು. ಹೆದ್ದಾರಿಯಲ್ಲಿ ಹೀಟ್ ಆಗದ ಕಾರು ಹಾಸನಾಂಬ ದರ್ಶನದ ದಿನಗಳ ವಾಹನ ಸಾಲಿನಲ್ಲಿ ಹೀಟ್ ಆದರೆ ಮೊದಲು ನೋಡಬೇಕಾದ್ದು ಫ್ಯಾನ್, ಏಕೆಂದರೆ ನಿಂತ ಕಾರಿಗೆ ಗಾಳಿ ಕೊಡುವುದು ಅದೊಂದೇ.

ಧರ್ಮಸ್ಥಳಕ್ಕೆ ಹೋಗುವವರಿಗೆ ಶಿರಾಡಿ ಇಳಿಯುವುದೇ ಭಯ. ಎಂಜಿನ್ನಿಗೆ ಕಷ್ಟ ಬರುವುದು ವಾಪಸು ಬರುವಾಗ. ಗುಂಡ್ಯದಿಂದ ದೋಣಿಗಾಲಿನ ಕಡೆಗೆ ಏಳು ನೂರು ಮೀಟರಿಗೂ ಹೆಚ್ಚಿನ ಏರು. ಮುಂದೆ ಲಾರಿ, ಒಳಗೆ ಆರೇಳು ಜನ, ಎರಡನೇ ಗೇರು, ಏಸಿ ಫುಲ್. 2015 ಮತ್ತು 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಿದ ಮೇಲೆ ರಸ್ತೆ ನುಣುಪಾಯಿತು, ಏರು ಹಾಗೇ ಇದೆ. ಮುಳ್ಳು ಮೇಲೇರತೊಡಗಿದರೆ ಏಸಿ ಆರಿಸಿ, ಹೀಟರನ್ನು ಫುಲ್ ಬಿಟ್ಟು, ಕಿಟಕಿ ಇಳಿಸಿ. ಬೆವರು ಕಿತ್ತುಬಂದರೂ ಹೀಟರ್ ಎಂಜಿನ್ನಿನ ಶಾಖ ಹೊರಹಾಕುತ್ತದೆ. ಕೆಂಪು ಮುಟ್ಟಿದರೆ ಅಥವಾ ಹಬೆ ಕಂಡರೆ ತಿರುವು ತಪ್ಪಿಸಿ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ‘ಸಕಲೇಶಪುರ ಹತ್ರನೇ ಇದೆ, ಹೆಂಗೋ ಹೋಗ್ಬಿಡಣ’ ಎಂದು ಎಳೆದ ಕೊನೆಯ ಕೆಲವು ಕಿಲೋಮೀಟರುಗಳಲ್ಲೇ ಹೆಡ್ ಹೋಗುವುದು.

ಬೇಸರ ತರುವುದು ಅಜ್ಞಾನವಲ್ಲ. ಎಲ್ಲರಿಗೂ ಎಲ್ಲವೂ ತಿಳಿದಿರಬೇಕಿಲ್ಲ. ಬೇಸರ ತರುವುದು ಕೇಳದೆ ಒಪ್ಪಿಕೊಳ್ಳುವ ಗುಣ. ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡುವವರು, ಗಟ್ಟಿಯಾಗಿ ಮಾತಾಡಿದವರ ಮಾತನ್ನು ಚೌಕಾಸಿಯಿಲ್ಲದೆ ಕೊಳ್ಳುತ್ತಾರೆ. ಕಾರು ತಯಾರಿಸಿದವರೇ ಬರೆದುಕೊಟ್ಟ ಪುಸ್ತಕ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಸಮೇತ ಬಿದ್ದಿರುತ್ತದೆ. ವಾಟ್ಸ್ಆ್ಯಪಿನಲ್ಲಿ ಬಂದ, ಬರೆದವರು ಯಾರೆಂದೇ ತಿಳಿಯದ ಸಲಹೆ ಮನೆಮಂದಿಗೆಲ್ಲ ಹಂಚಿಕೆಯಾಗುತ್ತದೆ. ಒಳ್ಳೆಯ ಮೆಕ್ಯಾನಿಕ್ಕುಗಳು ನಮ್ಮ ಊರುಗಳಲ್ಲೇ ಇದ್ದಾರೆ. ‘ಕೂಲೆಂಟ್ ಹಾಕಿ’ ಎಂದರೆ ‘ದುಡ್ಡು ಕೀಳ್ತಾನೆ’ ಎಂಬ ಹೆಸರು ಬರುವುದಾದರೆ ಅವರೂ ಎಷ್ಟು ದಿನ ಹೇಳಿಯಾರು? ಸುಳ್ಳು ನಂಬಿಕೆಯ ನಷ್ಟವನ್ನು ನಂಬಿದವರು ಮಾತ್ರ ತೆರುವುದಿಲ್ಲ, ಸರಿಯಾದುದನ್ನು ಹೇಳಿದವರೂ ತೆರುತ್ತಾರೆ.

ಕೊನೆಗೆ, ಎಂಜಿನ್ನಿಗಿಂತ ಮುಖ್ಯವಾದ ಎಚ್ಚರಿಕೆ. ‘ಬಣ್ಣದ ನೀರು ತಾನೇ’ ಎಂದು ಉಳಿದ ಕೂಲೆಂಟನ್ನು ಖಾಲಿ ನೀರಿನ ಬಾಟಲಿಗೆ ತುಂಬಿಡುವುದು, ಹಳೆಯದನ್ನು ಅಂಗಳಕ್ಕೆ ಚೆಲ್ಲುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿಗಳು ನೆಕ್ಕುತ್ತವೆ, ಮಕ್ಕಳು ಕುಡಿಯುತ್ತಾರೆ. ಸುಮಾರು 100 ಮಿಲಿಲೀಟರ್ ದೊಡ್ಡವರ ಪ್ರಾಣಕ್ಕೇ ಎರವಾಗಬಹುದು. ಮೊದಲು ಮದ್ಯ ಕುಡಿದವರಂತೆ ತೊದಲು, ತೂರಾಟ. ಆಮೇಲೆ ಕಿಡ್ನಿ ಕೆಲಸ ನಿಲ್ಲಿಸುತ್ತದೆ. ಇದಕ್ಕೆ ಪ್ರತಿಮದ್ದಿದೆ, ಡಯಾಲಿಸಿಸ್ ಇದೆ. ಎರಡೂ ಫಲಿಸುವುದು ಬೇಗ ತಲುಪಿದರೆ ಮಾತ್ರ. ಕುಡಿದದ್ದು ಗೊತ್ತಾದ ಕೂಡಲೇ ವಾಂತಿ ಮಾಡಿಸುತ್ತಾ ಕೂರದೆ ಹಾಸನದ ಹಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು, ಕೂಲೆಂಟಿನ ಕ್ಯಾನನ್ನೂ ಜೊತೆಗೆ ಕೊಂಡೊಯ್ದು ವೈದ್ಯರಿಗೆ ತೋರಿಸಬೇಕು.