ಟೊಮೆಟೊಗೆ ಟಾನಿಕ್: ಓದಿ, ಆಮೇಲೆ ಕೊಳ್ಳಿ

ಹೊಸೂರು, ರಾಯಕೋಟೆ ಕಡೆ ಟೊಮೆಟೊ ಬೆಳೆಯುವವರು ಬಹಳ. ಗಿಡ ಸ್ವಲ್ಪ ಸೊರಗಿದರೆ ಸಾಕು, ಗೊಬ್ಬರದ ಅಂಗಡಿಗೆ ಹೋಗುತ್ತೇವೆ. “ಈ ಟಾನಿಕ್ ಹೊಡೀರಿ, ಕಾಯಿ ಡಬಲ್ ಆಗುತ್ತೆ” ಅಂತಾರೆ. ನಿಜವೇ? ತಿಳಿಯೋಣ.

ಟಾನಿಕ್ ಎಂದರೇನು?

ಇದಕ್ಕೆ ಬಯೋಸ್ಟಿಮ್ಯುಲೆಂಟ್ ಎಂದು ಹೆಸರು. ಇದು ಗೊಬ್ಬರವಲ್ಲ. ರೋಗದ ಔಷಧವೂ ಅಲ್ಲ. ಗೊಬ್ಬರ ಗಿಡಕ್ಕೆ ಊಟ. ಆ ಊಟ ಮೈಗೆ ಹತ್ತಲು ಟಾನಿಕ್ ಸಹಾಯ ಮಾಡುತ್ತದೆ. ಬೇರು ಚೆನ್ನಾಗಿ ಬಿಡುತ್ತದೆ. ಬಿಸಿಲು ತಡೆಯುವ ಶಕ್ತಿ ಬರುತ್ತದೆ. ಹೂ ಉದುರುವುದು ಕಡಿಮೆಯಾಗಬಹುದು.

ಆದರೆ ಊಟವೇ ಇಲ್ಲದಿದ್ದರೆ ಟಾನಿಕ್ ಏನು ಮಾಡೀತು? ಕೊಟ್ಟಿಗೆ ಗೊಬ್ಬರ, ನೀರು ಮೊದಲು ಬೇಕು. ಬಿಳಿ ನೊಣದಿಂದ ಬರುವ ಎಲೆ ಮುದುರು ರೋಗ ಇದರಿಂದ ವಾಸಿಯಾಗುವುದಿಲ್ಲ.

ಯಾವುದು? ಯಾವಾಗ?

ಕಡಲ ಪಾಚಿಯ ರಸ ಒಂದು ಬಗೆ. ರಾಮನಾಥಪುರದ ಕಡಲಲ್ಲಿ ಈ ಪಾಚಿ ಬೆಳೆಸುತ್ತಾರೆ. ಸಗಣಿ, ಗಂಜಲ, ಹಾಲು, ಮೊಸರು, ತುಪ್ಪದಿಂದ ಮನೆಯಲ್ಲೇ ಪಂಚಗವ್ಯ ಮಾಡುವವರೂ ಇದ್ದಾರೆ. ಅದನ್ನು ಬಟ್ಟೆಯಲ್ಲಿ ಸೋಸಿ, 10 ಲೀಟರ್ ನೀರಿಗೆ 300 ಮಿ.ಲೀ. ಬೆರೆಸಬೇಕು.

ನಾಟಿ ಮಾಡಿ 20-25 ದಿನಕ್ಕೆ ಒಮ್ಮೆ, ಹೂ ಬಿಡುವಾಗ ಒಮ್ಮೆ, ಕಾಯಿ ಕಚ್ಚುವಾಗ ಒಮ್ಮೆ ಹೊಡೆಯಿರಿ. ಬೆಳಿಗ್ಗೆ ಅಥವಾ ಸಂಜೆ ತಂಪು ಹೊತ್ತಿನಲ್ಲಿ ಹೊಡೆಯಿರಿ. ಅಂಗಡಿಯ ಟಾನಿಕ್ ಆದರೆ ಬಾಟಲಿಯ ಮೇಲಿನ ಅಳತೆ ಮೀರಬೇಡಿ.

ಕೊಳ್ಳುವ ಮುಂಚೆ

2021ರಲ್ಲಿ ಕೇಂದ್ರ ಸರ್ಕಾರ ಇವನ್ನು ಗೊಬ್ಬರದ ಕಾಯಿದೆಯೊಳಗೆ ತಂದಿತು. ತಾತ್ಕಾಲಿಕ ಒಪ್ಪಿಗೆಗಳು 2025ರ ಜೂನ್ 16ಕ್ಕೆ ಮುಗಿದವು. ಈಗ ಸರ್ಕಾರ ಒಪ್ಪಿದ್ದನ್ನು ಮಾತ್ರ ಮಾರಬೇಕು. ಅದಕ್ಕೆ ಬಾಟಲಿ ಓದಿ. ಕಂಪನಿ ಹೆಸರು, ಒಳಗೇನಿದೆ, ತಯಾರಿಸಿದ ದಿನ, ಅವಧಿ ಮುಗಿಯುವ ದಿನ ನೋಡಿ. ತಮಿಳು, ಇಂಗ್ಲಿಷ್ ಇದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಬಿಲ್ ಕೇಳಿ ತೆಗೆದುಕೊಳ್ಳಿ. ಅನುಮಾನ ಬಂದರೆ ಕೃಷಿ ಇಲಾಖೆಯವರನ್ನು ಕೇಳಿ.

ನೀವೇ ಪರೀಕ್ಷಿಸಿ

ಮೊದಲ ಸಲ ಇಡೀ ಹೊಲಕ್ಕೆ ಹೊಡೆಯಬೇಡಿ. ನಾಲ್ಕು ಸಾಲಿಗೆ ಟಾನಿಕ್ ಹೊಡೆಯಿರಿ. ಪಕ್ಕದ ನಾಲ್ಕು ಸಾಲು ಹಾಗೇ ಬಿಡಿ. ನೀರು, ಗೊಬ್ಬರ ಎರಡಕ್ಕೂ ಒಂದೇ ಇರಲಿ. ಪ್ರತಿ ಸಲ ಕಾಯಿ ಬಿಡಿಸಿದಾಗ ಎರಡರ ತೂಕವನ್ನೂ ಬೇರೆ ಬೇರೆ ಬರೆದಿಡಿ. ಅಂಗಡಿಯವರ ಮಾತಿಗಿಂತ ನಿಮ್ಮ ಪುಸ್ತಕದ ಲೆಕ್ಕ ದೊಡ್ಡದು.

ಲೆಕ್ಕ ಮಾಡಿ

ಟಾನಿಕ್‌ಗೆ 450 ರೂಪಾಯಿ, ಹೊಡೆಯುವ ಕೂಲಿಗೆ 400 ರೂಪಾಯಿ ಖರ್ಚಾಯಿತು. ಕಾಯಿ 100 ಕಿಲೋ ಹೆಚ್ಚು ಬಂತು.

1. ಕಿಲೋಗೆ 8 ರೂಪಾಯಿ ಸಿಕ್ಕಿದರೆ ಲಾಭವೇ, ನಷ್ಟವೇ? ಎಷ್ಟು?
2. ಕಿಲೋಗೆ 20 ರೂಪಾಯಿ ಸಿಕ್ಕಿದರೆ?