ಕಡಲಸಿಂಹದ ಉಸಿರು

ಹೆಸರಿನಲ್ಲಿ ಸಿಂಹವಿದ್ದರೂ ಕಡಲಸಿಂಹಕ್ಕೂ ಕಾಡಿನ ಸಿಂಹಕ್ಕೂ ಹತ್ತಿರದ ನಂಟಿಲ್ಲ. ಇದು ಸೀಲ್‌ಗಳ ಬಳಗದ ಸಸ್ತನಿ. ನಮ್ಮಂತೆಯೇ ಶ್ವಾಸಕೋಶಗಳಿಂದ ಉಸಿರಾಡುವುದು; ಮರಿಗೆ ಹಾಲೂಡುವುದು. ಆದರೆ ಇದರ ಆಹಾರವಿರುವುದು ಕಡಲಿನ ಆಳದಲ್ಲಿ. ಮರಿಯಿರುವುದು ನೆಲದ ಮೇಲೆ. ಈ ಎರಡು ಲೋಕಗಳ ನಡುವೆ ಇದು ಹೇಗೆ ಬಾಳುವುದೆಂಬುದನ್ನು ನೋಡೋಣ.

ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವ ಕ್ಯಾಲಿಫೋರ್ನಿಯ ಕಡಲಸಿಂಹವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವೆವು. ಗಂಡು ಸುಮಾರು 350 ಕಿಲೋಗ್ರಾಂ ತೂಗುವುದು. ಹೆಣ್ಣು ಸುಮಾರು 100 ಕಿಲೋಗ್ರಾಂ ಮಾತ್ರ. ನೀರಿನಲ್ಲಿ ಇದು ಹುಟ್ಟಿನಂತೆ ಚಪ್ಪಟೆಯಾದ ಮುಂಗಾಲುಗಳನ್ನು ಬೀಸಿ ಮುನ್ನುಗ್ಗುವುದು. ನೆಲಕ್ಕೆ ಬಂದಾಗ ಹಿಂಗಾಲುಗಳನ್ನು ಮುಂದಕ್ಕೆ ತಿರುಗಿಸಿ ನಾಲ್ಕು ಕಾಲುಗಳಿಂದ ನಡೆಯುವುದು. ನಿಜವಾದ ಸೀಲ್‌ಗಳಿಗೆ ಇದು ಸಾಧ್ಯವಿಲ್ಲ, ಅವು ತೆವಳಬೇಕು.

ಇನ್ನು ಮುಳುಗುವ ಬಗೆ. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ ಒಂದು ವಾಯುಮಂಡಲದಷ್ಟು ಏರುವುದು. 300 ಮೀಟರ್ ಆಳದಲ್ಲಿ ಅದು ನೆಲದ ಮೇಲಿನ ಒತ್ತಡದ ಸುಮಾರು 31 ಮಡಿ. ಉಸಿರಾಟದ ಸಲಕರಣೆ ತೊಟ್ಟು ಆಳಕ್ಕಿಳಿದ ಮನುಷ್ಯನ ರಕ್ತದಲ್ಲಿ ಸಾರಜನಕ ಹೆಚ್ಚಾಗಿ ಕರಗುವುದು. ಅವನು ಬೇಗನೆ ಮೇಲೆದ್ದರೆ, ಸೋಡಾ ಶೀಷೆಯನ್ನು ತೆರೆದಾಗ ಗುಳ್ಳೆಗಳೇಳುವಂತೆ, ಅದು ರಕ್ತದಲ್ಲಿ ಗುಳ್ಳೆಗಟ್ಟಿ ಪ್ರಾಣಕ್ಕೇ ಅಪಾಯ ತರಬಹುದು. ಕಡಲಸಿಂಹಕ್ಕೆ ಹಾಗೇಕೆ ಆಗದು?

2012ರಲ್ಲಿ ಮೆಕ್‌ಡೊನಾಲ್ಡ್ ಮತ್ತು ಪೊಂಗಾನಿಸ್ ಎಂಬ ವಿಜ್ಞಾನಿಗಳು ಇದಕ್ಕೆ ಉತ್ತರವನ್ನು ಪ್ರಕಟಿಸಿದರು. ಅವರು ಹೆಣ್ಣು ಕಡಲಸಿಂಹವೊಂದರ ಧಮನಿಯಲ್ಲಿ ಆಮ್ಲಜನಕವನ್ನಳೆಯುವ ಉಪಕರಣವನ್ನಿರಿಸಿ ಕಡಲಿಗೆ ಬಿಟ್ಟಿದ್ದರು. ಅದು ಸುಮಾರು 225 ಮೀಟರ್ ಆಳಕ್ಕಿಳಿದಾಗ ರಕ್ತದಲ್ಲಿನ ಆಮ್ಲಜನಕದ ಒತ್ತಡ ಥಟ್ಟನೆ ಕುಸಿಯಿತು. ಶ್ವಾಸಕೋಶದ ಗಾಳಿಗೂಡುಗಳು ಮುದುಡಿ, ಅಲ್ಲಿನ ಗಾಳಿ ಶ್ವಾಸನಾಳಗಳಿಗೆ ಸರಿದಿತ್ತು. ಇದರಿಂದ ಸಾರಜನಕ ರಕ್ತಕ್ಕೆ ಸೇರುವುದು ತಪ್ಪಿತು. ಮೇಲೇರುವಾಗ ಗಾಳಿಗೂಡುಗಳು ಮತ್ತೆ ಅರಳಿ, ಉಳಿಸಿಟ್ಟ ಆಮ್ಲಜನಕವೂ ಒದಗಿತು.

ಇಷ್ಟು ಶ್ರಮದಿಂದ ಹಿಡಿದ ಮೀನೇ ಮರಿಗೆ ಹಾಲಾಗಬೇಕು. ಕ್ಯಾಲಿಫೋರ್ನಿಯದ ಚಾನೆಲ್ ದ್ವೀಪಗಳಲ್ಲಿ ಜೂನ್ ತಿಂಗಳ ಸುಮಾರಿಗೆ ಮರಿಗಳು ಹುಟ್ಟುವುವು. ಬಳಿಕ ತಾಯಿ ಆಗಾಗ ಕೆಲವು ದಿನಗಳ ಕಾಲ ಬೇಟೆಗೆ ಹೋಗುವುದು. ಮರಳಿದಾಗ ನೂರಾರು ಮರಿಗಳ ನಡುವೆ ತನ್ನದನ್ನು ಕೂಗಿನಿಂದಲೂ ವಾಸನೆಯಿಂದಲೂ ಗುರುತಿಸುವುದು. ಅಲ್ಲಿಯವರೆಗೆ ಮರಿಗೆ ಉಪವಾಸ.

ಹಿಂದೆ ಮನುಷ್ಯನು ಇವುಗಳನ್ನು ಎಣ್ಣೆಗಾಗಿಯೂ ತೊಗಲಿಗಾಗಿಯೂ ಕೊಂದನು. 1972ರಲ್ಲಿ ಅಮೆರಿಕವು ಕಡಲ ಸಸ್ತನಿಗಳ ರಕ್ಷಣೆಗೆ ಕಾನೂನು ಮಾಡಿತು. 1975ರಲ್ಲಿ ಸುಮಾರು 90,000 ಇದ್ದ ಅಲ್ಲಿನ ಕಡಲಸಿಂಹಗಳು 2012ರ ವೇಳೆಗೆ 3 ಲಕ್ಷದಷ್ಟಾದುವು. ಆದರೆ 2013ರಿಂದ 2016ರವರೆಗೆ ಸಾವಿರಾರು ಬಡಕಲು ಮರಿಗಳು ದಡಕ್ಕೆ ಬಂದು ಬಿದ್ದುವು. ನಮ್ಮ ಕರಾವಳಿಯ ಬೂತಾಯಿಯ ಬಳಗಕ್ಕೆ ಸೇರಿದ ಸಾರ್ಡೀನ್ ಮೀನುಗಳು ತಾಯಂದಿರಿಗೆ ಸಾಕಷ್ಟು ಸಿಗದಿದ್ದುದೇ ಇದಕ್ಕೆ ಮುಖ್ಯ ಕಾರಣವಿರಬೇಕೆಂದು ವಿಜ್ಞಾನಿಗಳು ಕಂಡರು. ಕಡಲು ಬೆಚ್ಚಗಾದ ವರ್ಷಗಳಲ್ಲಿ ಇಂಥ ಮರಣ ಹೆಚ್ಚುವುದು.

ಬಂದೂಕಿನಿಂದ ಈ ಪ್ರಾಣಿಯನ್ನು ಕಾಪಾಡಲು ಒಂದು ಕಾನೂನು ಸಾಕಾಯಿತು. ಕಡಲು ಬಿಸಿಯಾಗುವುದನ್ನು ತಡೆಯುವುದು ಅಷ್ಟು ಸುಲಭವಲ್ಲ. 31 ವಾಯುಮಂಡಲಗಳ ಒತ್ತಡವನ್ನು ತಾಳಬಲ್ಲ ತಾಯಿಯೂ ಮೀನಿಲ್ಲದ ಕಡಲಿನಿಂದ ಬರಿಹೊಟ್ಟೆಯಲ್ಲೇ ಮರಳಬೇಕಾಗುವುದು.